ಜಾಸ್ಮಿನಳ ಐದನೆಯ ಸೆಮಿಸ್ಟರ್

ನಮ್ಮ ವಿಶ್ವವಿದ್ಯಾಲಯ ತಾನೇ ಅಚ್ಚು ಹಾಕಿಸಿದ ತಾರೀಖಿಗೆ ಪರೀಕ್ಷೆ ನಡೆಸಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಂಡವಳಲ್ಲ. ಹಳಿಯಾಳದ ಒಂದು ಪದವಿ ಕಾಲೇಜಿನ ಪರೀಕ್ಷಾ ವಿಭಾಗದ ಗುಮಾಸ್ತೆ ನಾನು, ಶಾಂತಾದೇವಿ. ಡಿಸೆಂಬರ್ ಎಂದು ಅಚ್ಚಾದ ಪರೀಕ್ಷೆ ಫೆಬ್ರುವರಿಯಲ್ಲಿ ನಡೆಯುವುದೇ ಇಲ್ಲಿಯ ರೂಢಿ. ಒಂದು ವರ್ಷ ಪ್ರಶ್ನೆಪತ್ರಿಕೆ ತಯಾರಿಲ್ಲ, ಇನ್ನೊಂದು ವರ್ಷ ಚುನಾವಣೆ, ಮತ್ತೊಂದು ವರ್ಷ ಹುಡುಗರ ಸ್ಟ್ರೈಕು. ಸುತ್ತಲ ಹಳ್ಳಿಯವರು ಎಷ್ಟು ಪಳಗಿದ್ದಾರೆಂದರೆ, ಪರೀಕ್ಷೆಯೆಂದು ಅಚ್ಚಾದ ದಿನಗಳಲ್ಲೇ ಧೈರ್ಯವಾಗಿ ಮಗಳ ಮದುವೆ ಇಟ್ಟುಕೊಳ್ಳುತ್ತಾರೆ. ‘ಆವಾಗ ಹೆಂಗೂ ಪರೀಕ್ಷಾ ಇರಂಗಿಲ್ಲ ಬಿಡ್ರಿ’ ಎಂದು ನನಗೇ ಬಂದು ಲಗ್ನಪತ್ರಿಕೆ ಕೊಟ್ಟವರುಂಟು.

ಇಂಥ ಕಡೆ ಜಾಸ್ಮಿನಳಂಥ ಹುಡುಗಿ ಬಂದು ಸೇರಿದಳು. ದಾಂಡೇಲಿಯ ಅಂಬೇವಾಡಿಯವಳು. ಅಪ್ಪ ವಜೀರನದು ಗ್ಯಾರೇಜು. ಗಣೇಶಗುಡಿಯ ಹೋಂಸ್ಟೇಗಳ ಜೀಪುಗಳೆಲ್ಲ ಅವನ ಕೈಯಲ್ಲೇ ರಿಪೇರಿ. ಹುಡುಗಿ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಬಿ.ಎಸ್ಸಿ. ಓದುತ್ತಿದ್ದಳು. ನೋಟಿಸ್ ಬೋರ್ಡಿನ ಕಾಗದವನ್ನು ಕೆಳಗಿನ ಸಹಿಯವರೆಗೂ ಓದುವ ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ ಅಂದರೆ ಅವಳು. ‘ಇಷ್ಟ್ಯಾಕ ಓದ್ತೀಯವಾ, ಯಾರೂ ಓದೂದಿಲ್ಲ ಅದನ್ನ’ ಎಂದು ನಾನು ಎಷ್ಟೋ ಸಲ ಕಾಡಿಸಿದ್ದೇನೆ. ‘ಬರದಾರಲ್ರಿ ಮೇಡಂ, ಅದಕ್ಕ’ ಅನ್ನುತ್ತಿದ್ದಳು.

ಅವಳ ಅಜ್ಜ ಮೂವತ್ತು ವರ್ಷ ಕಾಗದದ ಮಿಲ್ಲಿನಲ್ಲಿ ದುಡಿದವರು. ಕಟ್ಟಿಗೆ ಒಳಗೆ ಹೋಗುವುದನ್ನು ಕಂಡಿದ್ದರು, ಕಾಗದ ಹೊರಗೆ ಬರುವುದನ್ನು ಕಂಡಿದ್ದರು. ನಡುವೆ ಏನಾಗುತ್ತದೆ ಎಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಮೊಮ್ಮಗಳಿಗೆ ಅದೊಂದೇ ಹಟ, ಆ ನಡುವಿನದನ್ನು ಕಲಿಯಬೇಕು. ನಮ್ಮ ವಿಶ್ವವಿದ್ಯಾಲಯ ಫಿನ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡು, ಒಂದು ಸೆಮಿಸ್ಟರ್ ಅಲ್ಲಿ ಓದಿ ಬರಲು ಮಕ್ಕಳನ್ನು ಆರಿಸಿದಾಗ ನಮ್ಮ ಕಾಲೇಜಿನಿಂದ ಇವಳ ಹೆಸರು ಬಂತು. ಅಲ್ಲಿ ಪಾಠದ ಕೊನೆಗೆ ಎರಡು ವಾರ ದೊಡ್ಡ ಕಾಗದದ ಮಿಲ್ಲಿನೊಳಗೇ ಇಟ್ಟುಕೊಂಡು ಕೆಲಸ ಕಲಿಸುತ್ತಾರಂತೆ. ಅಂಕಕ್ಕೆ ಸೇರುವಂಥದ್ದಲ್ಲ, ಆದರೆ ಅವಳು ಹೊರಟದ್ದೇ ಅದಕ್ಕಾಗಿ.

ಜೂನ್ ತಿಂಗಳಲ್ಲಿ ಒಂದು ಹಾಳೆಗೆ ಗೆರೆ ಹೊಡೆದುಕೊಂಡು ನನ್ನ ಟೇಬಲ್ಲಿಗೆ ಬಂದಳು. ಎಡಕ್ಕೆ ನಮ್ಮ ವಿಷಯಗಳು, ಬಲಕ್ಕೆ ಅವರವು, ಯಾವುದಕ್ಕೆ ಯಾವುದು ಸರಿಹೊಂದುತ್ತದೆ ಎಂದು ಬಾಣದ ಗುರುತು.

‘ಮೇಡಂ, ಆರನೇ ಸೆಮಿಸ್ಟರ್‌ಗೆ ಹೋಗ್ತೇನ್ರಿ. ಎಲ್ಲಾ ವಿಷಯ ಕೂಡ್ತಾವು. ನಮ್ಮ ಐದನೇದ್ದು ಡಿಸೆಂಬರ್ ಇಪ್ಪತ್ತೆರಡಕ್ಕ ಮುಗೀತೈತಿ, ಜನವರಿ ಏಳಕ್ಕ ಅಲ್ಲಿ ಚಾಲೂ.’

ನನಗೆ ನಗು ತಡೆಯಲಾಗಲಿಲ್ಲ. ‘ಡಿಸೆಂಬರ್‌ದಾಗ ಪರೀಕ್ಷಾ ಅಂತ ಯಾರ ಹೇಳಿದ್ರವಾ ನಿನಗ?’

‘ಕ್ಯಾಲೆಂಡರ್‌ದಾಗ ಐತೆಲ್ರಿ.’

‘ಗ್ವಾಡಿಗೆ ತೂಗಹಾಕಾಕ ಚಲೋ ಐತಿ ಆ ಕ್ಯಾಲೆಂಡರು! ಹುಚ್ಚಿ, ನಮ್ಮ ಪರೀಕ್ಷಾ ಮುಗಿಯೂದು ಫೆಬ್ರುವರಿಗೆ. ನೀ ಇಲ್ಲಿ ಪೇಪರ್ ಬರಕೋತ ಕುಂತಿರ್ತಿ, ಅಲ್ಲಿ ಅರ್ಧ ಪಾಠ ಮುಗದಿರ್ತೈತಿ.’

ಅವಳ ಹಾಳೆಯನ್ನು ಕಸಿದುಕೊಂಡು ಹಿಂದಿನ ಬದಿಗೆ ನಾನೇ ಹೊಸದಾಗಿ ಬರೆದೆ. ಐದನೆಯ ಸೆಮಿಸ್ಟರಿಗೇ ಹೋಗುವುದು. ಸೆಪ್ಟೆಂಬರಿಗೆ ಅಲ್ಲಿ ಶುರು, ಡಿಸೆಂಬರ್ ಇಪ್ಪತ್ತಕ್ಕೆ ವಾಪಸು. ಆರು ವಿಷಯಗಳಲ್ಲಿ ಐದು ಅಲ್ಲಿಯವಕ್ಕೆ ಹೊಂದುತ್ತವೆ. ಉಳಿಯುವುದು ಸಂವಿಧಾನದ ಕಡ್ಡಾಯ ವಿಷಯ ಒಂದೇ. ಫಿನ್‌ಲ್ಯಾಂಡಿನವರು ನಮ್ಮ ದೇಶದ ಸಂವಿಧಾನವನ್ನು ಯಾಕೆ ಕಲಿಸುತ್ತಾರೆ? ಅದನ್ನು ಬಂದ ಮೇಲೆ, ತಿಂಗಳು ಓದಿಕೊಂಡು, ಫೆಬ್ರುವರಿಯಲ್ಲಿ ಬರೆದರಾಯಿತು. ಹಾಜರಾತಿಯ ವಿನಾಯಿತಿ ಒಪ್ಪಂದದಲ್ಲೇ ಇತ್ತು.

ಅವಳು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ‘ಪರೀಕ್ಷಾ ಮುಂದಕ್ಕ ಹೋಗಲಿಲ್ಲಂದ್ರ ಹೆಂಗ್ರಿ? ಆ ಪೇಪರ್ ತಿರುಗಿ ಬರೂದು ಮುಂದಿನ ವರ್ಷದ ಡಿಸೆಂಬರ್‌ಗೆ. ಒಂದು ವರ್ಷ ಹೋದಂಗ. ಎಂ.ಎಸ್ಸಿ. ಸೀಟೂ ಹೋದಂಗ.’

‘ಮುಂದಕ್ಕ ಹೋಗಲಿಲ್ಲಂದ್ರ ನನ್ನ ಹೆಸರ ಶಾಂತಾದೇವಿನ ಅಲ್ಲ, ನಡಿ!’

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅರ್ಜಿಯಲ್ಲಿ ಐದನೆಯ ಸೆಮಿಸ್ಟರ್ ಎಂದು ಬರೆದಳು.

ಹೊರಡುವ ಮುನ್ನ ಅವಳ ತಾಯಿ ರಹೀಮುನ್ನಿಸಾ ಡಬ್ಬಿಯ ತುಂಬ ಶಂಕರಪೋಳಿ ಮಾಡಿಕೊಂಡು ಕಾಲೇಜಿಗೇ ಬಂದಳು. ‘ನಮಗ ಇದೆಲ್ಲ ತಿಳಿಯಂಗಿಲ್ರಿ ಅಕ್ಕಾರ. ನಿಮ್ಮ ಮ್ಯಾಲ ಭರೋಸಾ ಇಟ್ಟು ಕಳಸಾಕತ್ತೇವಿ’ ಅಂದಳು. ನಾನು ಎದೆಯುಬ್ಬಿಸಿ ಡಬ್ಬಿ ತೆಗೆದುಕೊಂಡೆ.

ಅಕ್ಟೋಬರ್ ಹದಿನಾಲ್ಕಕ್ಕೆ ಸುತ್ತೋಲೆ ಬಂತು. ಐದನೆಯ ಸೆಮಿಸ್ಟರ್ ಪರೀಕ್ಷೆ ಅಚ್ಚಾದ ತಾರೀಖಿನಂತೆಯೇ. ಸಂವಿಧಾನ ಡಿಸೆಂಬರ್ ಒಂಬತ್ತು. ಹೊಸ ಕುಲಸಚಿವರು ಬಂದಿದ್ದರು, ಭಾರಿ ಕಟ್ಟುನಿಟ್ಟಂತೆ. ನಾನು ಕಾಗದ ಹಿಡಿದುಕೊಂಡು ಪ್ರಿನ್ಸಿಪಾಲ ಚನಬಸಪ್ಪನವರ ಕೋಣೆಗೆ ಓಡಿದೆ. ಅವರು ಚಹಾ ಆರಿಸಿಕೊಳ್ಳುತ್ತ ‘ಬಿಡ್ರಿ ಶಾಂತಾಬಾಯಾರ, ಪ್ರತಿ ವರ್ಷ ಹಿಂಗ ಅಂತಾರ, ಮುಂದಕ್ಕ ಹೋಗ್ತೈತಿ’ ಅಂದರು. ನನಗೂ ಅದೇ ಬೇಕಾಗಿತ್ತು, ನಂಬಿದೆ.

ಮೂರು ದಿನ ಬಿಟ್ಟು ಜಾಸ್ಮಿನಳ ಫೋನು. ‘ಮೇಡಂ, ತಾರೀಖ ಬಂದೈತಂತಲ್ರಿ? ಗೆಳತ್ಯಾರು ಹೇಳಿದ್ರು. ಇಲ್ಲಿ ಮಿಲ್ಲಿಗೆ ಹೋಗೂದು ಎರಡು ಬ್ಯಾಚ್ ಅದಾವ್ರಿ. ನಂದು ಡಿಸೆಂಬರ್ ಒಂದರಿಂದ. ನವೆಂಬರ್‌ದ್ರಾಗ ಒಂದು ಜಾಗಾ ಖಾಲಿ ಐತಿ, ಈ ಶುಕ್ರವಾರದೊಳಗ ಹೇಳಬೇಕ್ರಿ. ಲ್ಯಾಬ್ ಟೆಸ್ಟ್ ಸ್ವಲ್ಪ ಗಡಿಬಿಡಿ ಆಗ್ತೈತಿ, ಆದರ ಬದಲ ಮಾಡ್ಕೊಳ್ಲೇನ್ರಿ?’

ಆಗ ‘ಮಾಡ್ಕೋ’ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ, ಬಂದದ್ದು ಬೇರೆ. ‘ಏನೂ ಬ್ಯಾಡ. ಸುಮ್ಮನ ಡಿಸೆಂಬರ್ ಬ್ಯಾಚಿನ್ಯಾಗ ಇರು. ಇಲ್ಲಿ ಇನ್ನೂ ಪೋರ್ಷನ್ ಮುಗದಿಲ್ಲ, ಪರೀಕ್ಷಾ ಎಲ್ಲಿಂದ ಮಾಡ್ತಾರ?’

‘ಖರೇನ್ರಿ?’

‘ನೂರಕ್ಕ ನೂರು.’

ಫೋನಿಟ್ಟ ಗಳಿಗೆಯಿಂದ ನನಗೆ ಒಂದೇ ಕೆಲಸ. ವಿಶ್ವವಿದ್ಯಾಲಯದ ವೆಬ್‌ಸೈಟನ್ನು ದಿನಕ್ಕೆ ಇಪ್ಪತ್ತು ಸಲ ತೆರೆಯುವುದು, ಮುಚ್ಚುವುದು. ಮುಂದೂಡಲಾಗಿದೆ ಎಂಬ ಒಂದು ಮಾತಿಗಾಗಿ ಹರಕೆ ಹೊತ್ತೆ. ಪರೀಕ್ಷೆ ಮುಂದೂಡಿರೆಂದು ವರ್ಷವೂ ಗೇಟು ಹಾಕುವ ಹುಡುಗ ಸಿದ್ದಲಿಂಗನನ್ನು ಎಷ್ಟು ಬೈದಿದ್ದೆನೋ ಲೆಕ್ಕವಿಲ್ಲ. ನವೆಂಬರ್ ಮೊದಲ ವಾರ ನಾನೇ ಅವನನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಹೋದೆ, ನಾಚಿಕೆ ಬಿಟ್ಟು ಕೇಳಿದೆ.

‘ಏನಪಾ, ಈ ವರ್ಷ ಸ್ಟ್ರೈಕ್ ಇಲ್ಲೇನು?’

ಅವನು ಗಾಬರಿಯಾಗಿ ಎದ್ದು ನಿಂತ. ‘ಇಲ್ರಿ ಮೇಡಂ, ದೇವರಾಣಿ ಇಲ್ರಿ. ಈ ಸಲ ಪೋರ್ಷನ್ ಲಗೂನ ಮುಗದೈತ್ರಿ, ಎಲ್ಲಾರೂ ಓದಾಕತ್ತಾರ.’

ಹಾಳಾಗಿ ಹೋಗಲಿ ಇವನ ಓದು ಅನಿಸಿತು. ಇಂಥ ಮಾತು ಪರೀಕ್ಷಾ ವಿಭಾಗದವಳ ಮನಸ್ಸಿನಲ್ಲಿ ಬರಬಾರದು, ಆದರೆ ಬಂತು.

ನವೆಂಬರ್ ಇಪ್ಪತ್ತಕ್ಕೆ ಹಾಲ್ ಟಿಕೆಟ್ಟುಗಳ ಕಟ್ಟು ಬಂತು. ಪರೀಕ್ಷೆಯ ಅರ್ಜಿ ಅವಳ ಪರವಾಗಿ ನಾನೇ ಕಳಿಸಿದ್ದೆ, ಹಾಗಾಗಿ ಜಾಸ್ಮಿನಳದೂ ಇತ್ತು. ಫೋಟೋದಲ್ಲಿ ಅವಳು ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಇನ್ನು ಯಾರ ಮುಖ ನೋಡಿ ಸುಳ್ಳು ಹೇಳಲಿ? ಅರ್ಧ ದಿನ ರಜೆ ಹಾಕಿ ದಾಂಡೇಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡದ್ದು ಗ್ಯಾರೇಜು ಕಂಡ ಕೂಡಲೇ ಮರೆತುಹೋಯಿತು.

ವಜೀರ ಜೀಪಿನ ಕೆಳಗಿನಿಂದ ಎದ್ದು ಬಂದ. ನಿಂತಲ್ಲೇ ಎಲ್ಲ ಹೇಳಿದೆ. ಅವಳ ಯೋಜನೆಯನ್ನು ಬದಲಿಸಿದ್ದು ನಾನು, ನವೆಂಬರ್ ಬ್ಯಾಚು ಬೇಡವೆಂದದ್ದು ನಾನು. ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದ.

‘ನನಗ ಹೇಳಿದ್ರ ನಾ ಏನ ಮಾಡ್ಲಿ ಅಕ್ಕಾರ. ಆಕಿಗೆ ಹೇಳ್ರಿ’ ಎಂದು ತಾನೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ.

ಹೇಳಿದೆ. ಅವಳು ‘ಮುಂದಕ್ಕ ಹೋಗೂದಿಲ್ಲ ಅನ್ನೂದು ಗ್ಯಾರಂಟಿ ಏನ್ರಿ?’ ಎಂದಳು.

‘ಹೋಗಂಗಿಲ್ಲವಾ. ಹಾಲ್ ಟಿಕೆಟ್ ಬಂದೈತಿ.’

ನವೆಂಬರ್ ಬ್ಯಾಚು ಹಿಂದಿನ ಶುಕ್ರವಾರವೇ ಮಿಲ್ಲಿನಿಂದ ಮರಳಿ ಬಂದಿತ್ತು. ಅಲ್ಲಿಯ ಪ್ರಾಧ್ಯಾಪಕರು, ಒಂದೇ ಒಂದು ಮೇಲ್ ಬರೆದದ್ದಕ್ಕೆ, ಅವಳ ಐದೂ ಪರೀಕ್ಷೆಗಳನ್ನು ಡಿಸೆಂಬರ್ ಐದರೊಳಗೆ ಮುಗಿಸಿಕೊಟ್ಟರು. ಮಿಲ್ಲಿನವರಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ಹದಿನಾಲ್ಕು ದಿನವೂ ಇರಬೇಕು, ಇಲ್ಲವಾದರೆ ಬರುವುದೇ ಬೇಡ ಅಂದರಂತೆ. ಒಂದು ಕಡೆ ಸಂವಿಧಾನದ ಪೇಪರು ಮತ್ತು ಒಂದು ವರ್ಷ, ಇನ್ನೊಂದು ಕಡೆ ಅಜ್ಜ ಕಾಣದೇ ಹೋದ ಆ ನಡುವಿನ ಕೆಲಸ. ಅವಳು ವರ್ಷವನ್ನು ಉಳಿಸಿಕೊಂಡಳು.

ಏಳನೆಯ ತಾರೀಖು ಗೋವಾದಲ್ಲಿ ಇಳಿದಳು, ವಜೀರ ಹೋಗಿ ಕರೆತಂದ. ಒಂಬತ್ತರ ಬೆಳಿಗ್ಗೆ ಕಾಲೇಜಿನ ಪಡಸಾಲೆಯಲ್ಲಿ ಕಂಡಳು. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಸಂವಿಧಾನದ ನೋಟ್ಸು. ವಿಮಾನದಲ್ಲಿ ಓದಿಕೊಂಡು ಬಂದಿದ್ದಳಂತೆ. ನಾನು ಅಡ್ಡ ಹೋಗಿ ನಿಂತೆ.

‘ಬೈ ನನಗ, ಜಾಸ್ಮಿನ್. ಒಮ್ಮೆ ಬಾಯಿ ತುಂಬ ಬೈದಬಿಡು.’

‘ಬೈದ್ರ ಆ ಎರಡ ವಾರ ತಿರುಗಿ ಬರ್ತಾವೇನ್ರಿ?’ ಅಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟಕ್ಕೇ ಬಿಡಬೇಕಿತ್ತು, ಬಿಡಲಿಲ್ಲ. ‘ಸಹಿ ತನಕ ಓದೂ ಹುಡುಗಿ ನೀನು. ತಾರೀಖ ಕಣ್ಣ ಮುಂದ ಇತ್ತು. ಅದನ್ನ ಬಿಟ್ಟು ನನ್ನ ಮಾತ ಯಾಕ ನಂಬಿದಿವಾ?’

ಮೊದಲ ಗಂಟೆ ಹೊಡೆಯಿತು. ಅವಳು ನೋಟ್ಸನ್ನು ಚೀಲಕ್ಕೆ ಹಾಕಿದಳು, ಹಾಲ್ ಟಿಕೆಟ್ಟನ್ನು ಕೈಗೆ ತೆಗೆದುಕೊಂಡಳು.

‘ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರೆಲ್ರಿ, ಮೇಡಂ’ ಅಂದು ಒಳಗೆ ಹೋದಳು.

ನಾನು ಹೇಳುವುದೆಲ್ಲವೂ ಹಾಗೆಯೇ, ಗೊತ್ತಿದ್ದದ್ದೂ ಗಟ್ಟಿ, ಗೊತ್ತಿಲ್ಲದ್ದೂ ಗಟ್ಟಿ. ಅದನ್ನು ಅವಳಿಗೆ ಜೂನ್ ತಿಂಗಳಲ್ಲಿ ಯಾರೂ ಹೇಳಿರಲಿಲ್ಲ.