ಗ್ಯಾಸಿನವರು ಹಂಚಿದ ಡಬ್ಬಿ

ನಮ್ಮೂರು ಕುಷ್ಟಗಿಯಿಂದ ಉತ್ತರಕ್ಕೆ. ನಮ್ಮ ಹೊಲಗಳಡಿಯ ಕಲ್ಲುಪದರದೊಳಗೆ ಗ್ಯಾಸ್ ಇರಬಹುದು, ಕೊರೆದು ನೋಡುತ್ತೇವೆ ಎಂದು ಒಂದು ಕಂಪನಿ ಬಂದಿತ್ತು. ಇರಬಹುದಂತೆ! ಆ ಒಂದು ಮಾತಿಗೆ ನಾವು ಬಿತ್ತಿದ ಸಜ್ಜೆ ತುಳಿಸಿಕೊಳ್ಳಬೇಕು.

ಅವರನ್ನು ಕರೆತಂದವನು ನನ್ನ ಅಕ್ಕನ ಗಂಡ. ಜೀಪಿನಲ್ಲಿ ಬಂದವರಿಗೆಲ್ಲ ಆತ ನೆಂಟ. ಕಾಲಿಗೆ ಕೆಸರಾಗುತ್ತದೆಂದು ಬದುವಿನ ಮೇಲೇ ನಿಂತು ಒಕ್ಕಲುತನದ ಬಗ್ಗೆ ಭಾಷಣ ಮಾಡುವ ಮನುಷ್ಯ.

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಕಂಪನಿಯ ಸಾಹೇಬ ಪರದೆಯ ಮೇಲೆ ಯಾವುದೋ ದೇಶದ ಹಸಿರು ಹುಲ್ಲುಗಾವಲು ತೋರಿಸಿದ. ಕೆರೆ ಕಾಣದ ನಮಗೆ ಹಂಸಗಳನ್ನೂ ತೋರಿಸಿದ. ಆಮೇಲೆ ಎಲ್ಲರಿಗೂ ಒಂದೊಂದು ಸ್ಟೀಲಿನ ಡಬ್ಬಿ ಹಂಚಿದರು. ನಾನೂ ತೆಗೆದುಕೊಂಡೆ. ಮುಚ್ಚಳ ಗಟ್ಟಿಯಾಗಿತ್ತು.

ಒಪ್ಪಿಗೆಯ ಮಾತು ಬಂದಾಗ ನನ್ನ ಚಿಗವ್ವ ಎದ್ದು ನಿಂತಳು.

"ನಮ್ಮ ಬೋರಿನ ನೀರು ಕೆಟ್ರ ಏನ್ ಮಾಡೂದ್ರಿ?"

"ಅದನ್ನೆಲ್ಲ ವೈಜ್ಞಾನಿಕವಾಗಿ ನೋಡಿಕೊಳ್ಳುತ್ತೇವಮ್ಮ."

"ಹೆಂಗ ನೋಡ್ಕೋತೀರಿ, ಅದನ್ನ ಹೇಳ್ರಿ."

ಸಾಹೇಬ ಗಡಿಯಾರ ನೋಡಿಕೊಂಡ. ಅಕ್ಕನ ಗಂಡನಿಗೆ ಸಿಟ್ಟು ಬಂತು. "ಡಬ್ಬಿ ಇಸಗೊಳ್ಳಾಗ ನಾಚಿಕಿ ಬರ್ಲಿಲ್ಲೇನು? ಉಂಡ ಮನಿಗೆ ಎರಡು ಬಗೀಬ್ಯಾಡ್ರಿ!"

"ಖಾಲಿ ಡಬ್ಬಿ ಕೊಟ್ಟಾರ್ರೀ ಅಳಿಯಾರ," ಎಂದಳು ಚಿಗವ್ವ, ಬಹಳ ಮರ್ಯಾದೆಯಿಂದ. "ಉಂಡದ್ದೇನು ಬಂತು?"

ಅಂಗಳವೆಲ್ಲ ನಕ್ಕಿತು. ಯಾರೂ ಒಪ್ಪಲಿಲ್ಲ, ಯಾರೂ ಡಬ್ಬಿ ವಾಪಸ್ ಕೊಡಲಿಲ್ಲ.

ಮುಂದಿನ ವಾರವೇ ಕೊರೆಯುವ ಲಾರಿ ಬಂತು. ಹೆಂಗಸರು ಬಂಡಿದಾರಿಗೆ ಅಡ್ಡ ಕುಳಿತರು. ಗಂಡಸರು ನಾವು ಹಿಂದೆ ನಿಂತೆವು. ಸಾಹೇಬ ಕಾರಿನ ಗಾಜು ಏರಿಸಿಕೊಂಡು ಒಳಗೇ ತಣ್ಣಗೆ ಕುಳಿತಿದ್ದ. ನಮ್ಮ ಜೊತೆ ಮಾತಾಡಲು ಅಕ್ಕನ ಗಂಡನನ್ನು ಇಳಿಸಿದ್ದ. ಅಷ್ಟರಲ್ಲಿ ನನ್ನ ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದು ಚಿಗವ್ವನ ಪಕ್ಕ ಕುಳಿತಳು. ನಾನು ಅದನ್ನು ಎಣಿಸಿರಲಿಲ್ಲ. ಆಕೆ ಗಂಡನಿಗೆ ಎದುರಾಡಿದ್ದನ್ನು ನಾನೆಂದೂ ಕೇಳಿರಲಿಲ್ಲ.

"ಏಳು, ಮನಿಗಿ ನಡಿ," ಎಂದ ಆತ.

"ನೀವ ನಡೀರಿ. ಒಲಿ ಮ್ಯಾಲ ಅನ್ನ ಐತಿ, ಇಳಸ್ರಿ."

ಆತ ಕಾರಿನ ಕಡೆ ನೋಡಿದ. ಗಾಜು ಇಳಿಯಲಿಲ್ಲ. ಹೊತ್ತು ಇಳಿಯುವಾಗ ಲಾರಿ ತಿರುಗಿ ಹೋಯಿತು. ಗ್ರಾಮಸಭೆಯಲ್ಲಿ ಬೇಡವೆಂದು ಠರಾವಾದ ಮೇಲೆ ಕಂಪನಿ ಮತ್ತೆ ಬರಲಿಲ್ಲ. ಯಲಬುರ್ಗಾ ಕಡೆ ಅವರ ಕಾರು ಕಂಡಿತೆಂದು ಕೇಳಿ ಚಿಗವ್ವ ಬಸ್ಸು ಹತ್ತಿ ಅಲ್ಲಿಗೂ ಹೋಗಿ ಅಲ್ಲಿನ ಹೆಂಗಸರಿಗೆ ಎಲ್ಲ ಹೇಳಿ ಬಂದಳು.

ಅಕ್ಕನ ಗಂಡ ಈಗ ಚಹಾದಂಗಡಿಯಲ್ಲಿ, "ಕಂಪನಿಯವರನ್ನ ಓಡಿಸಿದಾಂವ ನಾನ," ಎನ್ನುತ್ತಾನೆ. ನಾನು ಅಲ್ಲೇ ಕುಳಿತಿದ್ದರೂ ಎದುರು ಮಾತಾಡುವುದಿಲ್ಲ. ಅಷ್ಟು ಮರ್ಯಾದೆಯನ್ನೂ ಆತನಿಗೆ ಕೊಡಲು ನನಗೆ ಮನಸ್ಸಿಲ್ಲ.