ಎರಡನೇ ಭಾಗವನ್ನು ನಡುವೆ ನಿಲ್ಲಿಸಿದವರು

ಕಲ್ಯಾಣ್ ಸ್ಟೇಷನ್ನಿನ ಹೊರಗೆ ರಿಕ್ಷಾದವರು ಇನ್ನೂ ಸೀಟಿನ ಮೇಲೆ ಕಾಲು ಮಡಚಿ ಮಲಗಿದ್ದಾರೆ. ಸ್ಟೇಷನ್ನಿನ ಪಶ್ಚಿಮ ಬದಿಯ ಹಳೆಯ ಟಾಕೀಸಿನ ಮೇಲ್ಮಹಡಿಯಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಲೋಕನಾಥ ಪೂಜಾರಿಯವರು ಮೇಜಿನ ಮುಂದೆ ನಿಂತು, ಫಿಲ್ಮಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲನೆ ರೀಲು ಸುತ್ತುತ್ತಿದ್ದಾರೆ. ಎಲ್ಲೋ ಬೆರಳಿಗೆ ಹರಕು ತಗಲುತ್ತದೆ, ಕೈ ನಿಲ್ಲುತ್ತದೆ. ಹರಿದದ್ದನ್ನು ಕತ್ತರಿಸಿ, ಅಂಟು ಹಚ್ಚಿ, ಒತ್ತಿ ಹಿಡಿದು, ಮತ್ತೆ ಸುತ್ತಲು ಶುರು. ಬೆಳಗಿನ ಆಟಕ್ಕೆ ಮುಂಚೆ ಇಡೀ ಸಿನಿಮಾ ಹೀಗೆ ಅವರ ಬೆರಳ ಸಂದಿಯಲ್ಲಿ ಹಾದುಹೋಗಬೇಕು.

"ಜನ ಕಣ್ಣಲ್ಲಿ ನೋಡ್ತಾರೆ, ನಾನು ಕೈಯಲ್ಲಿ ನೋಡುದು" ಎನ್ನುತ್ತಾರೆ. ಈ ಕೆಲಸ ಅವರಿಗೆ ಇನ್ನು ಈ ತಿಂಗಳು ಮಾತ್ರ.

ಕಾರ್ಕಳದ ಕಡೆಯಿಂದ ಠಾಣೆ ಊರಿನ ನೌಪಾಡಾದ ಹೋಟೆಲಿಗೆ ಗ್ಲಾಸು ತೊಳೆಯಲು ಬಂದವರು ಲೋಕನಾಥ. ಹತ್ತಿರದ ಟಾಕೀಸಿನ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಚಹಾ ಕೊಡಲು ಹೋಗಿ, ಯಂತ್ರದ ಮುಂದೆ ಬೆಪ್ಪಾಗಿ ನಿಂತು, ಖಾಲಿ ಗ್ಲಾಸು ಮರೆತು ಬಂದು ಬೈಸಿಕೊಂಡರು. ಮರುದಿನವೂ ಮರೆತರು. ಕೊನೆಗೆ ಹೋಟೆಲನ್ನೇ ಬಿಟ್ಟು ಕ್ಯಾಬಿನ್ನು ಸೇರಿದರು. ಅಲ್ಲಿಂದ ಇಲ್ಲಿಯವರೆಗೆ ದಿನಕ್ಕೆ ನಾಲ್ಕು ಆಟ, ಭಾನುವಾರವೆಂಬುದಿಲ್ಲ, ಹಬ್ಬವೆಂಬುದಿಲ್ಲ. ಬೇಸಿಗೆಯಲ್ಲಿ ಕ್ಯಾಬಿನ್ನು ಕಾದ ಬಾಣಲೆ. ಮಗಳು ಪ್ರೇಕ್ಷಾಳ ನಾಮಕರಣದ ದಿನ ಹೆಸರಿಟ್ಟದ್ದೇ ತಡ, ಮ್ಯಾಟಿನಿಗೆ ಓಡಿದರಂತೆ. ಆ ಸಿಟ್ಟು ಹೆಂಡತಿ ವಿನೋದಾ ಅವರಿಗೆ ಇವತ್ತಿಗೂ ಇಳಿದಿಲ್ಲ.

ಆಪರೇಟರನನ್ನು ಯಾರೂ ನೋಡುವುದಿಲ್ಲ. ಆದರೆ ಚಿತ್ರ ಮಸುಕಾದರೆ, ಮಾತು ನಿಂತರೆ, ಇಡೀ ಹಾಲ್ ಹಿಂದಕ್ಕೆ ತಿರುಗಿ "ಏ ಆಪರೇಟರ್!" ಎಂದು ಕೂಗುತ್ತದೆ, ಹೆತ್ತವರನ್ನೂ ಸೇರಿಸಿ ಬೈಯುತ್ತದೆ. ಆ ಕೂಗು ಬಾರದಂತೆ ದಿನ ಕಳೆಯುವುದೇ ಈ ಕಸುಬಿನ ಮರ್ಯಾದೆ.

ಆ ಮರ್ಯಾದೆಗೆ ಪೆಟ್ಟು ಬಿದ್ದದ್ದು ಕಳೆದ ಮಳೆಗಾಲದಲ್ಲಿ, ಹಾರುವ ವೀರನ ಸಿನಿಮಾದ ಎರಡನೇ ಭಾಗ ಬಂದಾಗ. ಮೊದಲ ಭಾಗಕ್ಕೆ ಹತ್ತಿರದ ಶಹಾಡಿನ ಚಾಳುಗಳ ಸಾಲುಮನೆಯ ಮಕ್ಕಳೆಲ್ಲ ಬೆನ್ನಿಗೆ ಟವೆಲ್ ಕಟ್ಟಿಕೊಂಡು ಬಂದಿದ್ದರು, ಬಾಗಿಲು ಮುಚ್ಚಲಾಗದಷ್ಟು ನೂಕುನುಗ್ಗಲು. ಎರಡನೆಯದರಲ್ಲಿ ವೀರನಿಗೆ ಶಕ್ತಿ ಹೋಗುತ್ತದೆ. ಹೋದ ಶಕ್ತಿಗಾಗಿ ಹಾಸಿಗೆ ಹಿಡಿದು ಅರ್ಧ ಸಿನಿಮಾ ಅಳುತ್ತಾನೆ. ಹಾರುವವನನ್ನು ನೋಡಲು ಬಂದ ಮಕ್ಕಳು ಮಲಗಿದವನನ್ನು ಎಷ್ಟು ಹೊತ್ತು ನೋಡಿಯಾರು? ಶುಕ್ರವಾರ ತುಂಬಿದ ಹಾಲ್ ಭಾನುವಾರ ಬಿಕೋ ಎನ್ನುತ್ತಿತ್ತು.

ಸಿನಿಮಾದ ಒಂದೇ ಪ್ರಿಂಟು, ಒಂದೇ ಪ್ರತಿ, ಎರಡು ಟಾಕೀಸಿಗೆ. ಉಲ್ಲಾಸನಗರದಲ್ಲಿ ಓಡಿ ಮುಗಿದ ರೀಲನ್ನು, ಡಬ್ಬಿ ಸಾಗಿಸುವ ಚೆನ್ನಯ ಸ್ಕೂಟರಿನಲ್ಲಿ ಇಲ್ಲಿಗೆ ತರಬೇಕು. ಆ ಭಾನುವಾರ ಅವರು ಶಹಾಡಿನ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಒಂದರ ಹಿಂದೆ ಒಂದು ಬರಬೇಕಾದ ಎರಡು ರೀಲು ಡಬ್ಬಿಗಳನ್ನು ಕೊನೆಯ ಗಳಿಗೆಯಲ್ಲಿ ಒಟ್ಟಿಗೇ ತಂದರು. ಲೋಕನಾಥ ಗಡಿಬಿಡಿಯಲ್ಲಿ ನಂಬರು ನೋಡದೆ, ಕೈಗೆ ಸಿಕ್ಕಿದ್ದನ್ನು ಯಂತ್ರಕ್ಕೆ ಏರಿಸಿದರು. ಶಕ್ತಿ ಮರಳಿ ಬಂದು ವೀರ ಹಾರಿಬಿಟ್ಟ. ಮುಂದಿನ ರೀಲಿನಲ್ಲಿ ಮತ್ತೆ ಹಾಸಿಗೆಯಲ್ಲಿ ಮಲಗಿ ಅಳುತ್ತಿದ್ದ.

"ನನ್ನ ಜೀವ ಬಾಯಿಗೆ ಬಂತು. ಈಗ ಕೂಗ್ತಾರೆ, ಈಗ ಕೂಗ್ತಾರೆ ಅಂತ ಕಾದೆ. ಒಂದು ಶಿಳ್ಳೆ ಇಲ್ಲ ಮಾರಾಯ್ರೆ. ಯಾರಿಗೂ ಗೊತ್ತೇ ಆಗ್ಲಿಲ್ಲ."

ಗೊತ್ತಾದದ್ದು ಮ್ಯಾನೇಜರ್ ಸಂಕರ್ಷಣ ರಾವ್ ಅವರೊಬ್ಬರಿಗೇ. ಮೇಲೆ ಓಡಿಬಂದು ಮೆತ್ತಗೆ ಹೇಳಿದರು: "ಸುಮ್ನಿರು ಲೋಕನಾಥ. ಮುಂದಿನ ವರ್ಷ ಡಿಜಿಟಲ್ ಮೆಷಿನ್ ಬರ್ತದೆ, ಓನರ್ ಸೇಠ್ ನಿಮ್ಮಿಬ್ಬರು ಆಪರೇಟರಲ್ಲಿ ಒಬ್ಬನನ್ನೇ ಇಟ್ಕೊಳ್ಳುದು. ಇದು ಅವರ ಕಿವಿಗೆ ಬಿದ್ರೆ ನಿನ್ನ ಕೆಲ್ಸ ಹೋದ ಹಾಗೆ."

ಲೋಕನಾಥ ಯಂತ್ರ ನಿಲ್ಲಿಸಿದರು. ದೀಪ ಹಾಕಿದರು. ಮೆಟ್ಟಿಲಿಳಿದು, ಎಂದೂ ನಿಲ್ಲದ ಜಾಗದಲ್ಲಿ, ಪರದೆಯ ಮುಂದೆ ನಿಂತು ತಮ್ಮ ಹರಕು ಹಿಂದಿಯಲ್ಲಿ ಹೇಳಿದರು: ರೀಲು ಹಿಂದುಮುಂದಾಗಿದೆ, ತಪ್ಪು ನನ್ನದು, ಅಲ್ಲಿಂದ ಮತ್ತೆ ತೋರಿಸುತ್ತೇನೆ. ಹಿಂದಿನ ಸಾಲಿನಿಂದ ಒಬ್ಬ ನಗುತ್ತ ಎದ್ದ. "ಜಾನೇ ದೋ ಚಾಚಾ, ಕ್ಯಾ ಫರಕ್ ಪಡ್ತಾ ಹೈ!" ಹಲವರು ಅವನ ಹಿಂದೆಯೇ ಹೊರಟರು. ಉಳಿದ ಕೆಲವರಿಗೆ ಲೋಕನಾಥ ಎರಡೂ ರೀಲು ಸರಿಯಾದ ಕ್ರಮದಲ್ಲಿ ಮತ್ತೆ ಓಡಿಸಿದರು.

ಏನು ಬದಲಾಗುತ್ತದೆ ಎಂದ ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಮನೆಯಲ್ಲೂ ಅದೇ ಪ್ರಶ್ನೆ. ಹದಿನೇಳರ ಪ್ರೇಕ್ಷಾ ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ರೇಗಿದಳು, "ಕಿಸೀಕೋ ಪತಾ ನಹೀಂ ಚಲಾ, ತೋ ಬೋಲಾ ಕ್ಯೂಂ ಪಪ್ಪಾ?" ಯಾರಿಗೂ ತಿಳಿಯದ್ದನ್ನು ಹೇಳಿದ್ದೇಕೆ? ಅದಕ್ಕೆ ಉತ್ತರವನ್ನು ಲೋಕನಾಥ ಈಗ, ರೀಲು ಸುತ್ತುತ್ತ ಹೇಳುತ್ತಾರೆ: "ಸಿನಿಮಾ ಹಾಳಾದ್ರೆ ಮಾಡಿದವರ ತಪ್ಪು. ಆದ್ರೆ ಹಾಳು ಸಿನಿಮಾವನ್ನೂ ಸರಿಯಾಗೇ ತೋರಿಸ್ಬೇಕಲ್ವಾ? ಇಲ್ಲದಿದ್ರೆ ನಾನು ಮೇಲೆ ಯಾಕೆ ಇರುದು?"

ಸುದ್ದಿ ಸೇಠ್ ಕಿವಿಗೆ ಬಿತ್ತು. ಮುಂದಿನ ತಿಂಗಳು ಹೊಸ ಯಂತ್ರ ಬರುತ್ತದೆ, ಕ್ಯಾಬಿನ್ನು ಇನ್ನೊಬ್ಬ ಆಪರೇಟರ್ ಕುಶಲನಿಗೆ. ಲೋಕನಾಥರಿಗೆ ಕೆಳಗಿನ ಗೇಟು, ಟಿಕೆಟ್ ಹರಿಯುವ ಕೆಲಸ. ವಿನೋದಾ ಎರಡು ದಿನ ಒಲೆಯ ಮುಂದೆ ಪಾತ್ರೆ ಕುಕ್ಕಿದರು. ಮೂರನೆಯ ದಿನ ಗೇಟಿಗೆ ಬೇಕೆಂದು ಅವರ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟರು.

ಬೇಸರವಿಲ್ಲವೇ ಎಂದರೆ ಲೋಕನಾಥ ಸುಳ್ಳು ಹೇಳುವುದಿಲ್ಲ. "ಉಂಟು. ರಾತ್ರಿ ನಿದ್ರೆ ಬರುದಿಲ್ಲ." ರೀಲು ಬದಿಗಿಟ್ಟು, ಕ್ಯಾಬಿನ್ನಿನ ಪುಟ್ಟ ಕಿಂಡಿಯಿಂದ ಖಾಲಿ ಕುರ್ಚಿಗಳನ್ನು ನೋಡುತ್ತಾರೆ. ಇಷ್ಟು ವರ್ಷ ಇಲ್ಲಿಂದ ಅವರಿಗೆ ಕಂಡದ್ದು ಜನರ ತಲೆಗಳ ಹಿಂಭಾಗ ಮಾತ್ರ.

"ಮೂರನೇ ಭಾಗವೂ ಬರ್ತದಂತೆ. ಅದಾದ್ರೂ ಚಂದ ಇರ್ಲಿ. ಇನ್ನು ಗೇಟಲ್ಲಿ ನಿಲ್ಲುವವ ನಾನು. ಹೊರಗೆ ಬರುವ ಮಕ್ಕಳ ಮುಖ ನೋಡ್ಬೇಕಲ್ಲ."