ಕಾಲುವೆಯಲ್ಲಿ ಸಿಕ್ಕವರ ಹೆಬ್ಬೆಟ್ಟು

ನಾನು ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕೆಲಸ ಮಾಡುವವಳು. ನಾಗಮಂಗಲದ ಮೇಷ್ಟ್ರ ಮಗಳು ಹೆಣದ ಕೈ ಹಿಡಿಯುವ ಕೆಲಸಕ್ಕೆ ಸೇರಿದಳಲ್ಲ ಎಂದು ನನ್ನ ತಾಯಿ ಬಹಳ ದಿನ ಕೊರಗಿದ್ದರು.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಶ್ರೀರಂಗಪಟ್ಟಣದ ಕಡೆಯಿಂದ ಕರೆ ಬಂತು. ಕಾಲುವೆಯ ಗೇಟಿಗೆ ಒಬ್ಬ ಗಂಡಸಿನ ಶವ ಬಂದು ಸಿಕ್ಕಿಕೊಂಡಿತ್ತು. ವಾರಕ್ಕೂ ಹೆಚ್ಚು ನೀರಿನಲ್ಲಿದ್ದ ದೇಹ. ಮುಖ ನೋಡಿ ಯಾರೆಂದು ಹೇಳುವ ಹಾಗಿರಲಿಲ್ಲ. ಜೇಬಿನಲ್ಲೂ ಏನೂ ಇರಲಿಲ್ಲ.

ಅಷ್ಟು ದಿನ ನೆನೆದರೆ ಬೆರಳ ತುದಿಯ ಚರ್ಮ ಟೋಪಿಯ ಹಾಗೆ ಕಳಚಿ ಬರುತ್ತದೆ. ಗೆರೆಗಳು ಅದರಲ್ಲೇ ಉಳಿದಿರುತ್ತವೆ. ಅದನ್ನು ಜೋಪಾನವಾಗಿ ತೊಳೆದು, ಒರೆಸಿ, ಕೈಗವಸು ಹಾಕಿದ ನಮ್ಮದೇ ಬೆರಳಿಗೆ ತೊಟ್ಟುಕೊಂಡು, ಮಸಿ ಹಚ್ಚಿ ಕಾಗದದ ಮೇಲೆ ಉರುಳಿಸಬೇಕು. ತರಬೇತಿಯಲ್ಲಿ ಓದಿದ್ದೆ, ಮಾಡಿರಲಿಲ್ಲ. ಶವಾಗಾರದ ಕಿಟಕಿಯ ಬಳಿ ನಿಂತು ಹತ್ತೂ ಬೆರಳು ಮಾಡಿದೆ. ಎಡ ಹೆಬ್ಬೆರಳಿನದು ಚೆನ್ನಾಗಿ ಬಂತು. ದುಂಡಗೆ ಸುತ್ತಿದ ಸುಳಿ, ಅದನ್ನು ಓರೆಯಾಗಿ ಸೀಳಿದ ಹಳೆಯ ಗಾಯದ ಗುರುತು.

ನಮ್ಮಲ್ಲಿ ದಾಖಲಾಗಿರುವ ಅಚ್ಚುಗಳು ಹಿಂದೆ ಯಾವುದಾದರೂ ಕೇಸಿನಲ್ಲಿ ಸಿಕ್ಕವರವು. ಅವುಗಳಲ್ಲಿ ಯಾವುದಕ್ಕೂ ಇದು ಹೊಂದಲಿಲ್ಲ. ಆಧಾರ್‌ಗೆ ಕೊಟ್ಟ ಅಚ್ಚು ನಮ್ಮ ಕೈಗೆ ಸಿಗುವುದಿಲ್ಲ. ಪಾಪ, ಪೊಲೀಸರ ತಂಟೆಗೇ ಹೋಗದ ಮನುಷ್ಯ. ಕಾಯುವಷ್ಟು ದಿನ ಕಾದು, ವಾರಸುದಾರರು ಬಾರದೆ ಠಾಣೆಯವರೇ ಮಣ್ಣು ಮಾಡಿದರು.

ಮೂರು ತಿಂಗಳಾದ ಮೇಲೆ ಕೆ.ಆರ್. ಪೇಟೆ ಕಡೆಯ ಪೇದೆಯೊಬ್ಬರು ಅರವತ್ತರ ಹತ್ತಿರದ ಹೆಂಗಸೊಬ್ಬರನ್ನು ಕರೆತಂದರು. ಸಂತೆಬಾಚಹಳ್ಳಿ ಪಕ್ಕದ ಊರು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಗಂಡನಿಗೆ ಮರೆವಿನ ಕಾಯಿಲೆ. ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಹಾಲಿನ ಕ್ಯಾನನ್ನು ಡೈರಿಯಲ್ಲೇ ಬಿಟ್ಟು ಬಸ್ಸು ಹತ್ತಿದವರು ಮರಳಿರಲಿಲ್ಲ. ಅವರು ಮನೆ ಅಳಿಯನಾಗಿ ಬಂದವರು, ಹುಟ್ಟೂರು ಶ್ರೀರಂಗಪಟ್ಟಣದ ಹತ್ತಿರದ ಬೆಳಗೊಳ. ಆಕೆ ಮೊದಲು ಅಲ್ಲಿಗೇ ಹೋಗಿ ನಾಲ್ಕು ದಿನ ವಿಚಾರಿಸಿದ್ದರು. ಕಂಡೆ ಎಂದವರು ಒಬ್ಬರೂ ಇರಲಿಲ್ಲ.

ಶವದ ಫೋಟೋವನ್ನು ಆಕೆ ಒಂದೇ ಸಲ ನೋಡಿ ಮುಖ ತಿರುಗಿಸಿದರು.

"ಇವ್ರಲ್ಲ ಕಣವ್ವ. ನಮ್ಮನೆಯೋರು ಇಂಗಿಲ್ಲ."

ಆ ದನಿಯಲ್ಲಿದ್ದ ನೆಮ್ಮದಿ ಕೇಳಿ, ಅಲ್ಲದಿದ್ದರೇ ಒಳ್ಳೆಯದು ಎಂದು ನನಗೂ ಅನ್ನಿಸಿತು. ಆದರೂ ಗಂಡನ ಬೆರಳಚ್ಚು ಬೇರೆಲ್ಲಾದರೂ ಇದೆಯೇ ಎಂದು ಕೇಳಿದೆ. ಮದುವೆಯಾಗಿ ಮೂರು ವರ್ಷಕ್ಕೆ ತಮ್ಮ ಅಪ್ಪ ಅಳಿಯನ ಹೆಸರಿಗೆ ಗದ್ದೆ ಬರೆದುಕೊಟ್ಟಿದ್ದನ್ನು ಆಕೆಯೇ ನೆನಪಿಸಿಕೊಂಡರು. ನೋಂದಣಿ ಕಚೇರಿಯಲ್ಲಿ ಸಹಿ ಬಲ್ಲವರಿಂದಲೂ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾರೆ.

ಠಾಣೆಯವರು ಆ ಹಳೆಯ ಪುಟ ತರಿಸಿಕೊಟ್ಟರು. ಮಸಿ ಮಾಸಿತ್ತು. ಭೂತಗನ್ನಡಿಯ ಕೆಳಗೆ ಎರಡನ್ನೂ ಅಕ್ಕಪಕ್ಕ ಇಟ್ಟೆ. ಎರಡರಲ್ಲೂ ಸುಳಿ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ, ಸುಳಿ ಎಷ್ಟೋ ಜನಕ್ಕಿರುತ್ತದೆ. ಯಾವ ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕವಲೊಡೆಯುತ್ತದೆ, ಅಲ್ಲಿಂದ ಮುಂದಿನ ಕವಲಿಗೆ ನಡುವೆ ಎಷ್ಟು ಗೆರೆ ಎಂದು ಒಂದೊಂದನ್ನೇ ನೋಡಬೇಕು. ಮನುಷ್ಯ ಮುದುಕನಾದರೂ ಇವು ಬದಲಾಗುವುದಿಲ್ಲ. ಒಂದಾದರೂ ತಪ್ಪಲಿ ಎಂದುಕೊಳ್ಳುತ್ತಾ ನೋಡಿದೆ. ತಪ್ಪಲಿಲ್ಲ. ಗಾಯದ ಗುರುತೂ ಅದೇ ಜಾಗದಲ್ಲಿತ್ತು. ನನ್ನ ಮೇಲಿನವರು ಇನ್ನೊಮ್ಮೆ ಪರೀಕ್ಷಿಸಿ ವರದಿಗೆ ಸಹಿ ಹಾಕಿದರು.

ಆಕೆಗೆ ತಿಳಿಸುವುದು ನನ್ನ ಕೆಲಸವಲ್ಲ. ಆದರೂ ನಾನೇ ಹೇಳಿದೆ. ಆಕೆ ಅಳಲಿಲ್ಲ. ಗಾಯ ಹೇಗಿದೆ ಎಂದು ಕೇಳಿದರು. ಹಾಳೆ ತೋರಿಸಿದೆ.

"ಬತ್ತ ಕುಯ್ವಾಗ ಕುಡ್ಲು ತಗ್ಲಿದ್ದು. ನಾನೇ ಸೀರೆ ಅರ್ದು ಕಟ್ಟಿದ್ದೆ" ಎಂದರು.

ಗಂಡನ ಕೈಯನ್ನು ಯಾರು ಹಿಡಿದದ್ದು ಎಂದು ಆಮೇಲೆ ಕೇಳಿದರು. ನಾನೇ ಎಂದೆ. ಹೇಗೆಂದು ಹೇಳಲಿಲ್ಲ. ಆಕೆ ನನ್ನ ಎರಡೂ ಕೈ ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಬತ್ತಾರೆ ಅಂತ ದಿನಾ ಒಂದ್ ಮುದ್ದೆ ಜಾಸ್ತಿ ಕಟ್ತಿದ್ದೆ ಕಣವ್ವ. ನಾಳಿಂದ ಎಂಗವ್ವ ಕಟ್ದಲೆ ಇರ್ಲಿ?"



ಮುಂದಿನ ವಾರ ಹೂತ ಜಾಗ ತೋರಿಸಲು ಪೇದೆ ಕರೆದುಕೊಂಡು ಹೋದಾಗ ನಾನೂ ಜೊತೆಗೆ ಹೋದೆ. ಮುಳ್ಳಿನ ಗಿಡಗಳ ನಡುವೆ ಮೂರು ದಿಬ್ಬಗಳಿದ್ದವು. ಪೇದೆ ಕಾಗದ ನೋಡಿ ಮಧ್ಯದ್ದನ್ನು ತೋರಿಸಿದರು. ಆಕೆ ಬಾಟಲಿಯಲ್ಲಿ ತಂದಿದ್ದ ಹಾಲು, ಎಲೆಯಲ್ಲಿ ಕಟ್ಟಿದ್ದ ತುಪ್ಪ ಬಿಟ್ಟರು. ಮೂರು ದಿನಕ್ಕೆ ಆಗಬೇಕಾದದ್ದು ಮೂರು ತಿಂಗಳು ದಾಟಿ ಆಯಿತು. ಕಡೆಗೆ ಪಕ್ಕದ ಎರಡು ದಿಬ್ಬಕ್ಕೂ ಒಂದೊಂದು ಹನಿ ಹಾಕಿ, ಅವರ ಮನೆಯವರು ಇನ್ನೂ ಹುಡುಕುತ್ತಿರಬಹುದು ಎಂದರು.

ಹಸು ಕರೆಯುವ ಹೊತ್ತಿಗೆ ಆಕೆ ಊರು ಸೇರಬೇಕಿತ್ತು. ಪಾಂಡವಪುರದವರೆಗೆ ಜೊತೆಗೆ ಹೋಗಿ ಕೆ.ಆರ್. ಪೇಟೆ ಬಸ್ಸು ಹತ್ತಿಸಿದೆ. ಕಿಟಕಿ ಪಕ್ಕ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಷ್ಟು ದಿನದಲ್ಲಿ ಆಕೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.